ಅಪ್ಪನಿಗೆ ಎರಡು ತಿಥಿ

"ಹುಡುಗಿ ತಂದೆ ಇದ್ದಾರೋ ಇಲ್ವೋ? ಎರಡರಲ್ಲಿ ಒಂದು ಹೇಳಿಬಿಡಿ ಸ್ವಾಮಿ" ಎಂದು ನನ್ನನ್ನು ನೋಡಲು ಬಂದ ಗಂಡಿನ ಸೋದರಮಾವ ಕೇಳಿದರು. ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಬಂದಿತ್ತು. ಶಿವಮೊಗ್ಗದ ಹೊಸಮನೆಯಲ್ಲಿದ್ದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ನಾನು, ಆಗ ಹದಿನೇಳರವಳು, ಗಂಡಿನ ಕೈಗಡಿಯಾರವನ್ನು ಕದ್ದು ನೋಡುತ್ತಿದ್ದೆ. ಪ್ರಶ್ನೆ ನನ್ನ ದೊಡ್ಡಪ್ಪನಿಗೆ. ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಅವರು. ಯಾವ ಪ್ರಶ್ನೆಗಾದರೂ ಒಂದು ಉತ್ತರ ಇದ್ದೇ ಇರುತ್ತದೆ ಎಂದು ಮಕ್ಕಳ ಬೆನ್ನಿಗೆ ಗುದ್ದಿ ಹೇಳುತ್ತಿದ್ದವರಿಗೆ ಆ ದಿನ ಬಾಯಿ ಕಟ್ಟಿತು.

ಸೋದರಮಾವ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಂದೆ ಇದ್ದರೆ ಧಾರೆ ಎರೆಯಬೇಕಾದವರು ತಂದೆ. ಇಲ್ಲದಿದ್ದರೆ ದೊಡ್ಡಪ್ಪ ಕೂರಬಹುದು. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಶ್ರೀ ಎಂದು ಹಾಕುವುದೋ ದಿವಂಗತ ಎಂದು ಹಾಕುವುದೋ ಎಂಬುದೂ ಇತ್ತು. ನಾವು ಎರಡನ್ನೂ ಖಚಿತವಾಗಿ ಹೇಳುವ ಹಾಗಿರಲಿಲ್ಲ.

ಅಪ್ಪ ಮಲಯಕ್ಕೆ ಹೋದಾಗ ನನಗೆ ಮೂರು ವರ್ಷ. ಟೈಪ್‌ರೈಟಿಂಗ್ ಪಾಸು ಮಾಡಿಕೊಂಡು ಕೆಲಸ ಸಿಗದೆ ಅಲೆಯುತ್ತಿದ್ದರಂತೆ. ರಬ್ಬರ್ ತೋಟದ ಆಫೀಸಿಗೆ ಗುಮಾಸ್ತರು ಬೇಕು ಎಂದು ಮದ್ರಾಸಿನಲ್ಲಿ ಯಾರೋ ಗುರುತಿನವರು ಹೇಳಿದರು, ಇವರು ಹಡಗು ಹತ್ತಿದರು. ಸಮುದ್ರ ದಾಟಬಾರದು ಎಂದು ಗೊಣಗಿದ ಹಿರಿಯರಿಗೆ, "ಎರಡೇ ವರ್ಷ, ಬಂದು ಪ್ರಾಯಶ್ಚಿತ್ತ ಮಾಡ್ಕೊಳ್ತೀನಿ" ಎಂದು ನಕ್ಕರಂತೆ. ಒಂದೂವರೆ ವರ್ಷ ಕಾಗದ ಬಂತು. ಆಮೇಲೆ ಅಲ್ಲಿಗೆ ಜಪಾನಿನವರು ನುಗ್ಗಿದರು, ಕಾಗದ ನಿಂತಿತು. ನನ್ನ ಪಾಲಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಂದು ಫೋಟೋ. ಕೋಟು, ಟೋಪಿ, ಒಂದು ಕಡೆ ಸ್ವಲ್ಪ ಹೆಚ್ಚು ಬೆಳೆದ ಮೀಸೆ. ಅದಕ್ಕೆ ಅಮ್ಮ ಹೂ ಇಡುತ್ತಿರಲಿಲ್ಲ. ಬದುಕಿರುವವರ ಫೋಟೋಕ್ಕೆ ಹೂ ಹಾಕಬಾರದಲ್ಲ. ದಿನಾ ಬೆಳಿಗ್ಗೆ ಸೆರಗಿನ ತುದಿಯಿಂದ ಗಾಜು ಒರೆಸುತ್ತಿದ್ದಳು, ಆಮೇಲೆ ತನ್ನ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

ಹುಡುಕಲಿಲ್ಲ ಎಂದಲ್ಲ. ಯುದ್ಧ ಮುಗಿದ ಮೇಲೆ ದೊಡ್ಡಪ್ಪ ತಮ್ಮ ದುಂಡನೆಯ ಇಂಗ್ಲಿಷ್ ಅಕ್ಷರದಲ್ಲಿ ಮದ್ರಾಸಿಗೆ, ಸಿಂಗಪುರಕ್ಕೆ, ಆ ತೋಟದ ಕಂಪೆನಿಗೆ ಅರ್ಜಿಗಳನ್ನು ಬರೆದರು. ಕೆಲವಕ್ಕೆ ಉತ್ತರವೇ ಇಲ್ಲ. ಒಂದು ಲಕೋಟೆ ಹತ್ತಾರು ಮೊಹರು ಹೊಡೆಸಿಕೊಂಡು, ವಿಳಾಸದಾರರು ಸಿಗಲಿಲ್ಲ ಎಂಬ ಷರಾದೊಂದಿಗೆ ನಮ್ಮ ಮನೆಗೇ ವಾಪಸು ಬಂತು. ಅಷ್ಟರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬರ್ಮಾ, ಮಲಯ ಕಡೆಯಿಂದ ಓಡಿ ಬಂದ ತಮಿಳರು ಕೆಲಸಕ್ಕಿದ್ದಾರೆ ಎಂದು ಯಾರೋ ಹೇಳಿದರು. ಗೋಡೆಯ ಫೋಟೋ ಇಳಿಸಿ, ಟವೆಲಿನಲ್ಲಿ ಸುತ್ತಿ, ದೊಡ್ಡಪ್ಪ ರೈಲು ಹತ್ತಿದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಹನ್ನೊಂದಿರಬೇಕು. ಫೋಟೋದ ಪಕ್ಕದಲ್ಲಿ ನನ್ನ ಮುಖವನ್ನೂ ನೋಡಿದರೆ ಯಾರಿಗಾದರೂ ನೆನಪು ಬರಬಹುದು ಎಂಬುದು ಲೆಕ್ಕದ ಮೇಷ್ಟರ ಲೆಕ್ಕಾಚಾರ.

ಕೂಲಿಕಾರರ ಮನೆಗಳ ಸಾಲಿನಲ್ಲಿ ಮನೆಯಿಂದ ಮನೆಗೆ ಹೋದೆವು. ಬಹಳ ಜನ ತಲೆ ಅಲ್ಲಾಡಿಸಿದರು. ಕೊನೆಗೆ ಶಿಫ್ಟು ಮುಗಿಸಿ ಬಂದು ಸ್ನಾನಕ್ಕೆ ಹೊರಟಿದ್ದ ಒಬ್ಬರು, ಮೈಯೆಲ್ಲ ಮಸಿ, ಫೋಟೋವನ್ನು ಮುಟ್ಟದೆ ಬಗ್ಗಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು. "ಇವರೇ ಸಾಮಿ. ಜಪಾನಿನೋರು ಕಾಡಲ್ಲಿ ರೈಲು ದಾರಿ ಹಾಕಿಸ್ತಿದ್ದ ಕ್ಯಾಂಪಲ್ಲಿ ಇದ್ರು. ಕಾಲರಾ ಬಂದು ಹೋಗ್ಬಿಟ್ರು" ಅಂದರು. ದೊಡ್ಡಪ್ಪ ಮತ್ತೆ ಮತ್ತೆ ಕೇಳಿದರು. ಅವರು ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ ಇವರೇ ಎಂದರು. ಈಗ ಯೋಚಿಸಿದರೆ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಅವರು ನೂರಾರು ಹೆಣ ನೋಡಿದ್ದರು. ಎದುರಿಗೆ ಒಬ್ಬ ಮೇಷ್ಟರು ಚಿಕ್ಕ ಹುಡುಗಿಯ ಕೈ ಹಿಡಿದು ನಿಂತು ಉತ್ತರಕ್ಕೆ ಕಾಯುತ್ತಿದ್ದರು. ಕೊಟ್ಟು ಕಳಿಸಿದರು, ಅಷ್ಟೇ.

"ಅಮ್ಮನಿಗೆ ಹೇಳ್ಬೇಡ" ಎಂದು ದೊಡ್ಡಪ್ಪ ಭದ್ರಾವತಿ ಸ್ಟೇಷನ್ನಿನಲ್ಲಿ ನನಗೆ ಚಕ್ಕುಲಿ ಕೊಡಿಸಿದರು. ನಾನು ತಿಂದೆ. ಇನ್ನೊಂದು ಬೇಕು ಎಂದೂ ಕೇಳಿದೆ. ಅಪ್ಪ ಸತ್ತ ಸುದ್ದಿ ಕೇಳಿಕೊಂಡು ಬಂದ ಮಗಳು ಎರಡು ಚಕ್ಕುಲಿ ತಿಂದು ರೈಲಿನಲ್ಲಿ ನಿದ್ದೆ ಹೋದಳು.

ಆರು ವರ್ಷ ಆ ಮಾತು ನಮ್ಮಿಬ್ಬರ ಹೊಟ್ಟೆಯಲ್ಲೇ ಇತ್ತು. ಗಂಡಿನ ಕಡೆಯವರು ಪ್ರಶ್ನೆ ಕೇಳಿ ಹೋದ ಮೇಲೆ ದೊಡ್ಡಪ್ಪ ಅದನ್ನು ಹೊರಗೆ ತೆಗೆದರು. ತುಂಗೆಯ ದಂಡೆಯ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದ, ನಮ್ಮ ಮನೆಯ ಪುರೋಹಿತರೂ ಆದ ಭಟ್ಟರನ್ನು ಕರೆಸಿದರು. ಹನ್ನೆರಡು ವರ್ಷ ಸುದ್ದಿ ಇಲ್ಲದವರಿಗೆ ಶಾಸ್ತ್ರದಲ್ಲಿ ದಾರಿ ಇದೆ ಎಂದು ಭಟ್ಟರು ಹೇಳಿದರು. ಪ್ರತಿಕೃತಿ ಮಾಡಿ ದಹನ ಮಾಡುವುದು, ಹತ್ತು ದಿನದ ಕರ್ಮ ಮಾಡುವುದು, ಆ ತಿಥಿಯನ್ನೇ ಮುಂದೆ ವರ್ಷವರ್ಷವೂ ನಡೆಸುವುದು. ಕಾಗದ ನಿಂತು ಹನ್ನೆರಡು ತುಂಬಿತ್ತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕ್ಯಾಂಪಿನ ಮಾತನ್ನೂ, ಕಾಲರಾದ ಮಾತನ್ನೂ ಅವಳು ಕೇಳಿದ್ದು ಆಗಲೇ.

"ನೀನು ಏನ್ ಹೇಳ್ತೀಯಮ್ಮ?" ಎಂದು ದೊಡ್ಡಪ್ಪ ಕೇಳಿದಾಗ ಅಮ್ಮ ನನ್ನ ಕಡೆ ತಿರುಗಿದಳು.

"ಅವಳನ್ನ ಕೇಳಿ ಭಾವ. ಮದುವೆ ಆಗೋಳು ಅವಳು."

ನಾನು ಬೇಡ ಎನ್ನಬಹುದಿತ್ತು. ಬೇರೆ ಗಂಡು ಸಿಗುತ್ತಿತ್ತು, ಸಿಗದೆಯೂ ಇರುತ್ತಿತ್ತು, ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ನನಗೆ ಆ ಕೈಗಡಿಯಾರದ ಹುಡುಗ ಹಿಡಿಸಿಬಿಟ್ಟಿದ್ದ. ಭದ್ರಾವತಿಯಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು, ನಲ್ಲಿಯಲ್ಲಿ ನೀರು ಎಂದೆಲ್ಲ ಕೇಳಿದ್ದೆ. ಕಣ್ಣೆತ್ತದೆ "ಆಗ್ಲಿ" ಎಂದೆ. ಅಮ್ಮನ ಮುಖ ನೋಡಿದ್ದರೆ ಆ ಮಾತು ಬರುತ್ತಿರಲಿಲ್ಲವೇನೋ, ಅದಕ್ಕೇ ನೋಡಲಿಲ್ಲ.

ಮಾಘ ಮಾಸದಲ್ಲಿ ಆಯಿತು. ಪ್ರತಿಕೃತಿಗೆ ತಲೆಯಾಗಿ ತೆಂಗಿನಕಾಯಿ, ಮೂಳೆಗಳಾಗಿ ಮುತ್ತುಗದ ಎಲೆಯ ತೊಟ್ಟು ಮುನ್ನೂರ ಅರವತ್ತು. ಊಟದ ಎಲೆ ಹಚ್ಚುವವರ ಮನೆಯಿಂದ ದೊಡ್ಡಪ್ಪ ಎರಡು ಹೊರೆ ಮುತ್ತುಗದ ಸೊಪ್ಪು ತಂದು ಹಾಕಿದರು. ತೊಟ್ಟು ಮುರಿದು ಎಣಿಸಿಟ್ಟವಳು ನಾನು. ಇಪ್ಪತ್ತು ಇಪ್ಪತ್ತರ ಕಟ್ಟು, ಹದಿನೆಂಟು ಕಟ್ಟು. ನಾನು ಲೆಕ್ಕದಲ್ಲಿ ಚುರುಕು ಎಂದು ದೊಡ್ಡಪ್ಪ ಯಾವಾಗಲೂ ಹೊಗಳುತ್ತಿದ್ದರು, ಆ ದಿನ ಕಟ್ಟುಗಳನ್ನು ತಾವೇ ಇನ್ನೊಮ್ಮೆ ಎಣಿಸಿದರು. ಗಂಡಸರು ಅದನ್ನೆಲ್ಲ ತೆಗೆದುಕೊಂಡು ತುಂಗೆಯ ದಂಡೆಗೆ ಹೋದರು. ಹತ್ತನೆಯ ದಿನ ನೆರೆಮನೆಯ ಇಬ್ಬರು ವಿಧವೆಯರು ಬಂದು ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ತಲೆಗೂದಲಿಗೆ ಯಾರೂ ಕೈ ಹಚ್ಚಕೂಡದು ಎಂದು ದೊಡ್ಡಪ್ಪ ಮೊದಲೇ ಕಟ್ಟಪ್ಪಣೆ ಮಾಡಿದ್ದರು, ಅದೊಂದು ಉಳಿಯಿತು. ಅವಳು ಹೊರಗೆ ಬಂದಾಗ ಹಣೆಯ ಮಧ್ಯೆ ಬಿಸಿಲು ಕಾಣದ ಬಿಳಿಯ ಗುರುತು ಮಾತ್ರ ದುಂಡಗೆ ಉಳಿದಿತ್ತು. ಅದು ಹೋಗಲು ಬಹಳ ತಿಂಗಳು ಹಿಡಿಯಿತು.

ವೈಶಾಖದಲ್ಲಿ ನನ್ನ ಮದುವೆ. ದೊಡ್ಡಪ್ಪನೇ ಧಾರೆಗೆ ಕೂತರು. ದೊಡ್ಡಮ್ಮ ಎಂದೋ ತೀರಿಕೊಂಡಿದ್ದರಿಂದ ಅವರ ಬದಲಿಗೆ ದರ್ಭೆಯ ಕೂರ್ಚವೊಂದನ್ನು ಪಕ್ಕದಲ್ಲಿಟ್ಟುಕೊಂಡು ಎರೆದರು. ಅಮ್ಮ ಉಗ್ರಾಣದ ಕೋಣೆಯಲ್ಲಿದ್ದಳು. ಬೆಲ್ಲ, ಬೇಳೆ, ತೆಂಗಿನಕಾಯಿ ಕೇಳಿದವರಿಗೆ ಬಾಗಿಲ ಸಂದಿಯಿಂದ ಕೊಡುತ್ತಿದ್ದಳು. ನನ್ನನ್ನು ಮಂಟಪಕ್ಕೆ ಕರೆದೊಯ್ಯುವ ದಾರಿ ಆ ಬಾಗಿಲ ಮುಂದೆಯೇ. "ಆ ಕಡೆ ನೋಡ್ಬೇಡ್ವೇ ಮಾರಾಯ್ತಿ, ಈಗ ನೋಡ್ಬಾರ್ದು" ಎಂದು ಕೈ ಹಿಡಿದವರು ಯಾರೋ ಪಿಸುಗುಟ್ಟಿದರು. ನಾನು ಒಳ್ಳೆಯ ಹುಡುಗಿಯ ಹಾಗೆ ನೆಲ ನೋಡಿಕೊಂಡು ದಾಟಿದೆ. ಬಾಗಿಲು ಸ್ವಲ್ಪ ಸರಿದ ಸದ್ದು ಕೇಳಿಸಿತು, ಆಗಲೂ ನೋಡಲಿಲ್ಲ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ನ್ಯೂ ಟೌನಿನ ಕ್ವಾರ್ಟರ್ಸು ಕೇಳಿದಷ್ಟು ದೊಡ್ಡದಿರಲಿಲ್ಲ, ನಲ್ಲಿಯಲ್ಲಿ ನೀರು ಮಾತ್ರ ನಿಜ. ಗಂಡ ಒಳ್ಳೆಯವರು. ಒಬ್ಬಳು ಮಗಳು ಹುಟ್ಟಿದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಹೊಸಮನೆಯ ಬಾಡಿಗೆ ಮನೆ ಬಿಡಿಸಿ ಅಮ್ಮನನ್ನು ನಮ್ಮಲ್ಲಿಗೆ ಕರೆತಂದೆವು. ಅಕ್ಕಪಕ್ಕದವರು ಅರಿಸಿನ ಕುಂಕುಮಕ್ಕೆ ಬಂದರೆ ಅವಳು ತಾನಾಗಿಯೇ ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ವರ್ಷಕ್ಕೊಮ್ಮೆ ಮಾಘದಲ್ಲಿ ಭಟ್ಟರು ಶಿವಮೊಗ್ಗದಿಂದ ಬಂದು ಅಪ್ಪನ ತಿಥಿ ಮಾಡಿಸುತ್ತಿದ್ದರು. ಗಂಡು ಮಕ್ಕಳಿಲ್ಲದವರಿಗೆ ಅಳಿಯ ಮಾಡಬಹುದಂತೆ, ನನ್ನ ಗಂಡ ಮಾಡುತ್ತಿದ್ದರು. ಹಿಂದಿನ ದಿನದಿಂದಲೇ ಅಮ್ಮ ಉಪವಾಸ. ಮಡಿಯಲ್ಲಿ ಅಡಿಗೆಯನ್ನೆಲ್ಲ ಒಬ್ಬಳೇ ಮಾಡುತ್ತಿದ್ದಳು. ಅಪ್ಪನಿಗೆ ಇಷ್ಟವೆಂದು ಹಾಗಲಕಾಯಿ ಗೊಜ್ಜು ಆ ದಿನ ತಪ್ಪುತ್ತಿರಲಿಲ್ಲ.

ಹಾಗೆ ಎಂಟನೆಯ ತಿಥಿಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ಭಟ್ಟರು ಒಂದು ಮಧ್ಯಾಹ್ನ ಕರೆಯದೆಯೇ ಬಂದರು. ಒಳಗೆ ಬರಲಿಲ್ಲ. "ಅಮ್ಮ ಏನ್ಮಾಡ್ತಿದಾರೆ?" ಎಂದರು. ಮಲಗಿದ್ದಾರೆ ಎಂದೆ. "ಸ್ವಲ್ಪ ಹೊರಗೆ ಬಾ ಮಗು" ಎಂದು ಗೇಟಿನ ಹತ್ತಿರ ಕರೆದು, ಪಂಚೆಯ ಸೊಂಟದಿಂದ ಒಂದು ಲಕೋಟೆ ತೆಗೆದರು. ಹೊರದೇಶದ ಅಂಚೆಚೀಟಿ. ಮೇಲೆ ಇಂಗ್ಲಿಷಿನಲ್ಲಿ, ಮುಖ್ಯ ಅರ್ಚಕರು, ನದಿಯ ಹತ್ತಿರದ ದೇವಸ್ಥಾನ, ಶಿವಮೊಗ್ಗ ಎಂದಿತ್ತು. ಪೋಸ್ಟಿನವರು ನಾಲ್ಕು ದೇವಸ್ಥಾನ ಸುತ್ತಿಸಿ ಭಟ್ಟರಿಗೆ ತಂದುಕೊಟ್ಟಿದ್ದರು. ಒಳಗಿನ ಕಾಗದ ತಮಿಳಿನಲ್ಲಿತ್ತು. ಅದರ ಜೊತೆ ಒಂದು ಸಣ್ಣ ಚೀಟಿ, ಕನ್ನಡದ್ದು. ಕೈ ನಡುಗುತ್ತಾ ಬರೆದ ಅಕ್ಷರ. ನಮ್ಮ ಗೋತ್ರ, ನಮ್ಮ ಸೂತ್ರ, ದೊಡ್ಡಪ್ಪನ ಹೆಸರು, ಶಿವಮೊಗ್ಗ. ಅದರ ಕೆಳಗೆ ಇನ್ನೇನೋ ಬರೆಯಲು ಹೋಗಿ ಒಂದು ಗೆರೆ ಅಡ್ಡಾದಿಡ್ಡಿ ಜಾರಿ ಕಾಗದದ ಅಂಚಿಗೆ ಮುಟ್ಟಿತ್ತು.

"ತಮಿಳು ನನಗೆ ಬರಲ್ಲ. ಈ ಚೀಟಿ ಓದಿದ್ಮೇಲೆ ಬೇರೆಯವರ ಕೈಲಿ ಓದಿಸೋಕೆ ಧೈರ್ಯ ಬರ್ಲಿಲ್ಲ" ಎಂದರು ಭಟ್ಟರು.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ತಮಿಳು ಅಕ್ಕ ಇದ್ದರು. ಅವರ ಮನೆಯ ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ಅವರು ಓದುತ್ತಾ ಹೋದರು, ಅರ್ಧ ಕನ್ನಡದಲ್ಲಿ ಅರ್ಧ ತಮಿಳಿನಲ್ಲಿ ಹೇಳುತ್ತಾ ಹೋದರು. ಬರೆದವನು ಹದಿನೈದು ವರ್ಷದ ಹುಡುಗ. ಅವನ ಅಪ್ಪ ಹೋದ ಕಾರ್ತಿಕದಲ್ಲಿ ತೋಟದ ಆಸ್ಪತ್ರೆಯಲ್ಲಿ ತೀರಿಕೊಂಡರು. ದಿನವನ್ನೂ ಬರೆದಿದ್ದ. ಯುದ್ಧ ಮುಗಿದಾಗ ಅವರು ಕಾಡಿನ ಕ್ಯಾಂಪಿನಿಂದ ಮೂಳೆ ಚಕ್ಕಳವಾಗಿ ಬಂದಿದ್ದರಂತೆ, ಆ ತೋಟದ ಒಬ್ಬ ಹೆಂಗಸು ಆರೈಕೆ ಮಾಡಿ ಉಳಿಸಿಕೊಂಡಳಂತೆ. ಅವಳೇ ಇವನ ತಾಯಿ. ಒಬ್ಬಳು ತಂಗಿಯೂ ಇದ್ದಾಳೆ. ಅಪ್ಪನ ಕರ್ಮಕ್ಕೆ ಕೂತಾಗ ಅಲ್ಲಿಯ ಅಯ್ಯರು ಅಜ್ಜನ ಹೆಸರು, ಮುತ್ತಜ್ಜನ ಹೆಸರು ಕೇಳಿದರು, ಇವನಿಗೆ ಗೊತ್ತಿರಲಿಲ್ಲ. ಎಲ್ಲರ ಎದುರಿಗೆ ತುಂಬಾ ನಾಚಿಕೆಯಾಯಿತು ಎಂದು ಬರೆದಿದ್ದ. ಸಾಯುವ ಎರಡು ದಿನ ಮೊದಲು ಅಪ್ಪ ತನ್ನ ಅಣ್ಣನ ಹೆಸರು, ಊರು ಹೇಳುತ್ತಾ ಬರೆದುಕೊಟ್ಟ ಚೀಟಿ ಮಾತ್ರ ಇದೆ, ಅದನ್ನು ಕಳಿಸುತ್ತಿದ್ದೇನೆ, ದಯವಿಟ್ಟು ನಮ್ಮ ಹಿರಿಯರನ್ನು ಹುಡುಕಿಕೊಡಿ. ವರ್ಷಾಂತದೊಳಗೆ ಹೆಸರು ಸಿಕ್ಕರೆ ಎಳ್ಳುನೀರು ಬಿಡುತ್ತೇನೆ.

ಕಾಗದದ ಹಿಂಬದಿಯಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು ವಂಶದ ಚಿತ್ರ ಬರೆದಿದ್ದ. ಮೇಲೆ ಎರಡು ಖಾಲಿ ಚೌಕ. ಅವುಗಳ ಕೆಳಗೆ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ. ಅಪ್ಪನ ಚೌಕಕ್ಕೆ ಅಂಟಿಕೊಂಡು ಅವನ ತಾಯಿ. ಕೆಳಗೆ ಅವನು, ಅವನ ತಂಗಿ. ನಾನು ಆ ಚಿತ್ರವನ್ನು ಅಕ್ಕನ ಕೈಯಿಂದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಅಮ್ಮ ಎಲ್ಲೂ ಇರಲಿಲ್ಲ. ನಾನೂ ಇರಲಿಲ್ಲ. ಹದಿನೈದು ವರ್ಷ ಜೊತೆಗಿದ್ದ ಮಗನಿಗೆ ಆ ಮನುಷ್ಯ ನಮ್ಮ ಸುದ್ದಿಯನ್ನೇ ಎತ್ತಿರಲಿಲ್ಲ. ಚೀಟಿಯಲ್ಲಿ ಕೊನೆಗೆ ಜಾರಿದ ಆ ಗೆರೆ ನಮ್ಮ ಹೆಸರಿನ ಮೊದಲ ಅಕ್ಷರ ಎಂದು ನಂಬುವಷ್ಟು ದಡ್ಡಿ ನಾನಲ್ಲ. ಆದರೂ ಎಷ್ಟೋ ಸಲ ಅದನ್ನು ದೀಪದ ಹತ್ತಿರ ಹಿಡಿದು ನೋಡಿದ್ದೇನೆ.

ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ನಾನು ಮಾಡಿದೆ. ಒಂದು ಕಾರ್ಡು ಹಾಕಲು ಎಷ್ಟು ಹೊತ್ತು? ಬರುವುದಿಲ್ಲ, ನನ್ನ ದಾರಿ ನೋಡಬೇಡ ಎಂದು ಎರಡು ಸಾಲು ಬರೆದಿದ್ದರೆ ಸಾಕಿತ್ತು. ನಾವು ಅವರ ಫೋಟೋ ಹೊತ್ತುಕೊಂಡು ಮನೆಮನೆ ಅಲೆಯುತ್ತಿದ್ದಾಗ ಇವರು ಅಲ್ಲಿ ಮಗನನ್ನು ಎತ್ತಿ ಆಡಿಸುತ್ತಿದ್ದರು.

ಭಟ್ಟರು ಜಗಲಿಯ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದರು. "ಬದುಕಿರೋರಿಗೆ ಬೆಂಕಿ ಇಟ್ನಲ್ಲ ಮಗು ನಾನು" ಎಂದರು. ಮತ್ತೆ, "ತಿರುಗಿ ಬಂದಿದ್ರೆ ಅದಕ್ಕೂ ದಾರಿ ಇತ್ತು. ತುಪ್ಪದಲ್ಲಿ ಮುಳುಗಿಸಿ, ಜಾತಕರ್ಮ, ನಾಮಕರಣ, ಉಪನಯನ ಎಲ್ಲಾ ಹೊಸದಾಗಿ ಮಾಡಿ, ಅದೇ ಹೆಂಡ್ತಿ ಜೊತೆ ಮತ್ತೆ ಮದುವೆ ಮಾಡಿಸ್ತಾರೆ" ಎಂದರು.

"ಅಷ್ಟು ತುಪ್ಪ ನಮ್ಮನೇಲಿ ಎಲ್ಲಿತ್ತು ಭಟ್ರೇ?" ಎಂದೆ. ನಗು ಬಂತು, ಅದರ ಹಿಂದೆಯೇ ಅಳು ಬಂತು.

ಅಮ್ಮನಿಗೆ ಹೇಳುವುದೇ ಬೇಡ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಹುಡುಗನಿಗೆ ಬೇಕಾದ ಎರಡು ಹೆಸರು ಭಟ್ಟರಿಗೆ ಬಾಯಿಪಾಠ, ಪ್ರತಿ ವರ್ಷ ತಿಥಿಯಲ್ಲಿ ಹೇಳುತ್ತಾರೆ. ಬರೆದು ಹಾಕಿದರೆ ಮುಗಿಯಿತು. ಆದರೆ ಭಟ್ಟರು ಒಪ್ಪಲಿಲ್ಲ. "ಹುಡುಗನಿಗೆ ಹೆಸರು ಕೊಡೋಣ. ಎಳ್ಳುನೀರು ಬಿಡ್ತೀನಿ ಅನ್ನೋ ಮಗುವಿಗೆ ಇಲ್ಲ ಅನ್ನೋಕೆ ನಾನ್ಯಾರು? ಆದ್ರೆ ಮಾಘದ ತಿಥಿ ಇನ್ನು ನನ್ನ ಕೈಲಿ ಆಗಲ್ಲ. ಗೊತ್ತಿಲ್ದೆ ಮಾಡಿದ್ದು ಒಂದು. ನಿಜವಾದ ದಿನ ಗೊತ್ತಾದ್ಮೇಲೆ ಸುಳ್ಳು ದಿನಕ್ಕೆ ಪಿಂಡ ಹಾಕಿಸಲಾರೆ."

"ಅಮ್ಮ ಕೇಳಿದ್ರೆ ಏನು ಹೇಳ್ಲಿ?"

"ಅದನ್ನ ನೀನೇ ಹೇಳ್ಬೇಕು."

ಅವರ ಮೇಲೂ ರೇಗಿದೆ. ಆಗ ಮುನ್ನೂರ ಅರವತ್ತು ತೊಟ್ಟು ಬೇಕು ಎಂದವರು ನೀವು, ಈಗ ಸತ್ಯ ಬೇಕು ಎನ್ನುವವರೂ ನೀವೇ ಎಂದುಬಿಟ್ಟೆ. ಆ ವಯಸ್ಸಾದವರು ಕೊಡೆ ತೆಗೆದುಕೊಂಡು ಸ್ಟೇಷನ್ನಿನ ಕಡೆ ನಡೆದರು.

ಇಪ್ಪತ್ತೈದು ದಿನ ಆ ಲಕೋಟೆ ನನ್ನ ಗಂಡನ ಟ್ರಂಕಿನಲ್ಲಿತ್ತು. ನಿನ್ನ ತಾಯಿ, ನಿನಗೆ ಬಿಟ್ಟದ್ದು ಎಂದು ಅವರು ಕೈ ತೊಳೆದುಕೊಂಡರು. ಅಮ್ಮ ಮಾತ್ರ ತಿಥಿಗೆ ಸಿದ್ಧವಾಗತೊಡಗಿದಳು. ಉದ್ದು ಬಿಸಿಲಿಗೆ ಹಾಕಿದಳು, ಮಡಿಪಾತ್ರೆ ಬೆಳಗಿದಳು. ಒಳ್ಳೆಯ ಹಾಗಲಕಾಯಿ ಸಂತೆಯಲ್ಲಿ ಸಿಗುತ್ತದೋ ಇಲ್ಲವೋ ಎಂದು ಚಿಂತೆ ಹಚ್ಚಿಕೊಂಡಳು. "ಭಟ್ರಿಗೆ ಕಾರ್ಡು ಹಾಕಿದ್ಯೇನೇ?" ಎಂದು ಕೇಳಿದಾಗಲೆಲ್ಲ ಹಾಕಿದ್ದೇನೆ ಎನ್ನುತ್ತಿದ್ದೆ. ತಿಥಿಗೆ ಐದು ದಿನ ಇರುವಾಗ, ಅವಳು ಅಂದಿನಿಂದಲೇ ಒಪ್ಪೊತ್ತು ಮಾಡುತ್ತೇನೆ ಎಂದು ತಟ್ಟೆ ಮುಂದಕ್ಕೆ ತಳ್ಳಿದಳು. ಆಗ ನನ್ನಿಂದ ತಡೆಯಲಾಗಲಿಲ್ಲ.

ಅಡಿಗೆಮನೆಯಲ್ಲೇ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಲಕೋಟೆ ತಂದು ಅವಳ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಚೀಟಿಯನ್ನು ಮಾತ್ರ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಅಕ್ಷರ ಅವರದೇ ಎಂದು ತಲೆಯಾಡಿಸಿದಳು.

"ಯಾರು ಇದ್ರು ಹತ್ರ, ಕೊನೇಲಿ?"

"ಆ ಹೆಂಗಸು. ಮಕ್ಕಳಿಬ್ರು."

"ಸದ್ಯ" ಎಂದಳು. "ಆ ಕಾಡಲ್ಲಿ ಒಬ್ರೇ ಹೋದ್ರು ಅಂದ್ಕೊಂಡಿದ್ದೆ. ನೀರು ಕೊಡೋರೂ ಇರ್ಲಿಲ್ಲವೇನೋ ಅಂತ."

ನಾನು ಬೈಗುಳ ನಿರೀಕ್ಷಿಸಿದ್ದೆ, ಗೋಳಾಟ ನಿರೀಕ್ಷಿಸಿದ್ದೆ. ಇದಕ್ಕೆ ನಾನು ತಯಾರಿರಲಿಲ್ಲ. ಅಮ್ಮ ಬೆರಳು ಮಡಿಸುತ್ತಾ ಕೂತಳು. ಮಾಘದಿಂದ ಮಾಘಕ್ಕೆ ಒಂದೊಂದೇ ಬೆರಳು, ಕೊನೆಗೆ ಹೋದ ಕಾರ್ತಿಕ. ಮುಗಿಸಿ, "ಏಳು ವರ್ಷ ಒಂಬತ್ತು ತಿಂಗಳು" ಎಂದಳು. ಗೋಡೆಯ ಕಡೆ ನೋಡುತ್ತಾ, ನನ್ನನ್ನು ಕೇಳುವ ಹಾಗೆಯೂ ಅಲ್ಲ, ಸುಮ್ಮನೆ ತನಗೆ ತಾನೇ ಎಂಬಂತೆ ಹೇಳಿದಳು:

"ಹಾಗಾದ್ರೆ ನಿನ್ನ ಧಾರೆ ಹೊತ್ನಲ್ಲಿ ನಾನು ಹೊರಗೆ ಬರಬಹುದಿತ್ತು."

ನನ್ನ ಜೀವಮಾನದಲ್ಲಿ ಯಾರೂ ನನಗೆ ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿಲ್ಲ. ಆಕೆ ಪೆಟ್ಟು ಕೊಡಬೇಕೆಂದು ಹೇಳಿದ್ದಲ್ಲ, ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು. ಅವಳ ಮಡಿಲಿನಲ್ಲಿ ತಲೆಯಿಟ್ಟು, ಆಗಲಿ ಎಂದವಳು ನಾನು, ತೊಟ್ಟು ಎಣಿಸಿದವಳು ನಾನು, ನಿನ್ನನ್ನು ತಿರುಗಿಯೂ ನೋಡದೆ ಹೋದವಳು ನಾನು ಎಂದು ಅತ್ತೆ. ಮಡಿ ಸೀರೆ ಉಟ್ಟಿದ್ದಳು, ಮುಟ್ಟಬೇಡ ಎನ್ನಲಿಲ್ಲ. "ನಾನು ನೋಡ್ದೆ ಕಣೇ. ಬಾಗಿಲು ಸರಿಸ್ಕೊಂಡು ನೋಡ್ದೆ. ಚೆನ್ನಾಗಿ ಕಾಣ್ತಿದ್ದೆ" ಎಂದು ತಲೆ ಸವರಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹುಡುಗನ ವಿಷಯ ತೆಗೆದಳು. ವಂಶದ ಚಿತ್ರವನ್ನು ಬಿಡಿಸಿ ತೋರಿಸಿದೆ. ಯಾವ ಚೌಕ ಯಾರದು ಎಂದು ಕೇಳಿ ತಿಳಿದುಕೊಂಡಳು. ಅಪ್ಪನ ಚೌಕದ ಈ ಕಡೆಗೆ ನಿನ್ನ ಹೆಸರು ಬರೆದು, ಕೆಳಗೆ ನನ್ನದನ್ನೂ ಬರೆದು ಕಳಿಸುತ್ತೇನೆ ಎಂದೆ. ಆ ಹುಡುಗನಿಗೆ ತನ್ನ ಅಪ್ಪ ಎಂಥವರು ಎಂದು ಗೊತ್ತಾಗಲಿ ಎಂಬ ಕಹಿಯೂ ನನ್ನ ಮನಸ್ಸಿನಲ್ಲಿತ್ತು, ಸುಳ್ಳೇಕೆ ಹೇಳಲಿ.

"ಬೇಡ" ಎಂದಳು ಅಮ್ಮ.

"ಯಾಕಮ್ಮಾ? ನಾವೇನು ಕದ್ದು ಬಂದೋರಾ?"

"ಅದಲ್ಲ ಕಣೇ. ಅಪ್ಪ ಹೋಗಿ ಇನ್ನೂ ಮೂರು ತಿಂಗಳಾಗಿದೆ ಆ ಮಗುಗೆ. ನಿನ್ನ ತಾಯಿ ಎರಡನೇ ಹೆಂಡ್ತಿ ಅಂತ ಈಗ ನಾವು ಹೇಳ್ಬೇಕಾ? ಅವಳಿಗೆ ಏನಾಗಿದೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಅವನು ಕೇಳಿದ್ದು ಅಜ್ಜಂದಿರ ಹೆಸರು. ಅಷ್ಟು ಬರಿ."

ವಾದ ಮಾಡಿದೆ, ಕೂಗಾಡಿದೆ. ಅಮ್ಮ ಎದ್ದು ಒಣಹಾಕಿದ ಉದ್ದನ್ನು ಡಬ್ಬಕ್ಕೆ ತುಂಬತೊಡಗಿದಳು. ಆ ವರ್ಷ ಮಾಘದ ತಿಥಿ ನಡೆಯಲಿಲ್ಲ. ಅಮ್ಮ ಆ ದಿನ ಎಲ್ಲರಂತೆ ಊಟ ಮಾಡಿದಳು, ಎರಡು ತುತ್ತು ಕಡಿಮೆ.

ತಮಿಳು ಅಕ್ಕನ ಕೈಯಲ್ಲಿ ಉತ್ತರ ಬರೆಸಿದೆ. ಮುತ್ತಜ್ಜನ ಹೆಸರು, ಅಜ್ಜನ ಹೆಸರು, ಹಿರಿಯರ ಊರು. ಎರಡು ತಿಂಗಳಿಗೆ ಅವನ ಮರುಕಾಗದ ಬಂತು. ಹೆಸರುಗಳನ್ನು ಬಾಯಿಪಾಠ ಮಾಡಿದ್ದೇನೆ, ತಂಗಿಗೂ ಹೇಳಿಕೊಟ್ಟಿದ್ದೇನೆ ಎಂದಿದ್ದ. ನೀವು ನಮಗೆ ಏನಾಗಬೇಕು ಎಂದು ಕೇಳಿದ್ದ. ಅದಕ್ಕೆ ನಾನು, ನಿನ್ನ ಅಪ್ಪನ ಅಣ್ಣನ ಮಗಳು ಎಂದು ಬರೆಯಲು ಹೇಳಿದೆ. ಅಕ್ಕ ಪೆನ್ನು ಎತ್ತಿ ನನ್ನ ಮುಖ ನೋಡಿದರು. ಮೊದಲ ಕಾಗದ ಓದಿದ ದಿನವೇ ಅವರಿಗೆ ಎಲ್ಲ ಅರ್ಥವಾಗಿತ್ತು.

"ಇಪ್ಪಡಿಯೇ ಬರೀಲಾಮ್ಮಾ?"

"ಹಾಗೇ ಬರೀರಿ."

ಮಳೆಗಾಲದಲ್ಲಿ ಮತ್ತೊಂದು ಕಾಗದ. ಈ ಸಲ ಅಕ್ಕಾ ಎಂದೇ ಶುರು ಮಾಡಿದ್ದ. ಅಪ್ಪ ನಮ್ಮ ಮುಂದೆ ಊರಿನ ಮಾತೇ ಎತ್ತುತ್ತಿರಲಿಲ್ಲ, ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ನೀವು ಒಂದೇ ಮನೆಯಲ್ಲಿದ್ದವರು, ನಿಮ್ಮನ್ನು ಅವರು ಎತ್ತಿ ಆಡಿಸಿರಬೇಕು. ಹರೆಯದಲ್ಲಿ ನನ್ನ ಅಪ್ಪ ಹೇಗಿದ್ದರು, ಹೇಗೆ ನಗುತ್ತಿದ್ದರು, ದಯವಿಟ್ಟು ಬರೆಯಿರಿ ಎಂದು ಕೇಳಿದ್ದ.

ಮೂರು ದಿನ ಯೋಚನೆ ಮಾಡಿದೆ. ಎಷ್ಟು ತಡಕಿದರೂ ಗೋಡೆಯ ಫೋಟೋ ಬಿಟ್ಟು ಬೇರೇನೂ ಸಿಗಲಿಲ್ಲ. ಅಮ್ಮನನ್ನು ಕೇಳುವ ಧೈರ್ಯವಾಗಲಿಲ್ಲ. ಕೊನೆಗೆ ಪಕ್ಕದ ಮನೆಗೆ ಹೋಗಿ, "ನನಗೆ ನೆನಪಿಲ್ಲ ತಮ್ಮಾ. ಚಿಕ್ಕಪ್ಪ ಊರು ಬಿಟ್ಟಾಗ ನಾನು ತುಂಬಾ ಚಿಕ್ಕವಳು. ಅವರು ಹೇಗೆ ನಗುತ್ತಿದ್ದರು ಎಂದು ನೀನೇ ನನಗೆ ಬರೆದು ತಿಳಿಸು" ಎಂದು ಬರೆಸಿದೆ.